ತಲೆ ದೇವರದು, ಬಾಲ ಮಾಮನದು

ಅಲ್ನಿಫ್
೧೧ ಮಾರ್ಚ್ ೨೦೧೦, ಗುರುವಾರ

ನನ್ನ ಬತೂಲ್,

ಸಲಾಂ. ನಿನ್ನ ಅಪ್ಪನ ಉಸಿರಾಟ ಸುಧಾರಿಸಿದೆ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ, ನಮ್ಮ ಕೋಣೆಯ ಕಿಟಕಿಯ ಬೆಕ್ಕು ಇನ್ನೂ ನನ್ನ ಹಾಸಿಗೆಯ ಮೇಲೆಯೇ ಮಲಗುತ್ತಿದೆ ಎಂದು ನಂಬಿಕೊಂಡು ಶುರುಮಾಡುತ್ತೇನೆ.

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಮಡಚಿ ಅಂಟಿಸಿರುವ ಚಿಕ್ಕದು ನಮ್ಮ ನಿರುದ್ಯೋಗಿ ಪದವೀಧರರ ಸಂಘದ್ದು. ಶನಿವಾರದ ಸಭೆಯಲ್ಲಿ ನೀನು ಎದ್ದು ನಿಂತು ಎಲ್ಲರೆದುರು ಓದಬೇಕಾದದ್ದು. ಅದನ್ನು ಈಗಲೇ ಒಡೆಯಬೇಡ. ಉದ್ದನೆಯ ಇದು ನಿನ್ನೊಬ್ಬಳಿಗೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಾದರೆ ಎರಡನೆಯ ಮಾತಿಗೇ ಬೈಯಲು ಶುರುಮಾಡುತ್ತೀಯ. ಕಾಗದವಾದರೆ ಪೂರ್ತಿ ಓದಿದ ಮೇಲೆ ಬೈಯಬೇಕಾಗುತ್ತದೆ, ಅಷ್ಟರಲ್ಲಿ ನಿನ್ನ ಸಿಟ್ಟು ಅರ್ಧ ಇಳಿದಿರುತ್ತದೆ.

ಗೈರುಹಾಜರಿ ಮೂವತ್ತು ದಿನ ದಾಟಿದರೆ ಸ್ವಂತ ಕೈಬರಹದಲ್ಲಿ ಕಾರಣ ಕೊಡಬೇಕು, ಸಭೆ ಒಪ್ಪದಿದ್ದರೆ ಹೆಸರಿಗೆ ಗೆರೆ. ಈ ನಿಯಮ ಬರೆದವಳು ನೀನೇ. ನನ್ನ ಮೂವತ್ತನೆಯ ದಿನ ಈ ಭಾನುವಾರ. ಸೋಮವಾರ ನಮ್ಮವರು ಪಟ್ಟಿಯನ್ನು ಸಚಿವಾಲಯಕ್ಕೆ ಒಪ್ಪಿಸುತ್ತಾರೆ. ಈ ಸಲ ಮೊದಲ ನಲವತ್ತು ಜನರನ್ನು ಸರ್ಕಾರಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂಬ ಸುದ್ದಿ ನಿಜವೆಂದು ನೀನು ಹೋದ ವಾರ ಸಂದೇಶ ಕಳಿಸಿದ್ದೆ. ನಾನು ಹದಿನಾಲ್ಕನೆಯವಳು. ಎರಡು ವರ್ಷ ಸಂಘದ ಆ ನೀಲಿ ಅಂಗಿ ತೊಟ್ಟು, ಪಾರ್ಲಿಮೆಂಟಿನ ಎದುರಿನ ಕಲ್ಲುಹಾಸಿನ ಮೇಲೆ ಕೂತು, ಎದ್ದು, ಓಡಿ, ಮತ್ತೆ ಬಂದು ಕೂತು ಗಳಿಸಿದ ಸ್ಥಾನ. ಕೂತ ದಿನಕ್ಕೆ ಒಂದು ಅಂಕ, ಲಾಠಿ ಬಿದ್ದ ದಿನಕ್ಕೆ ಎರಡು. ಹದಿನೇಳರಿಂದ ಹದಿನಾಲ್ಕಕ್ಕೆ ನನ್ನನ್ನು ಏರಿಸಿದ್ದು ನನ್ನ ಎಡ ಮೊಣಕಾಲು ಎಂದು ನೀನು ನಗುತ್ತಿದ್ದೆ.

ಈಗ ನಿಜ ಹೇಳುತ್ತೇನೆ. ಅಮ್ಮನ ಮುರಿದ ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಯಿತು. ಅವಳು ಈಗ ಎರಡೂ ಕೈಯಿಂದ ಹಿಟ್ಟು ನಾದುತ್ತಾಳೆ, ಅದೇ ಕೈಯಿಂದ ನನ್ನ ಬೆನ್ನಿಗೂ ಒಂದು ಕೊಡುತ್ತಾಳೆ. ನಾನು ಹೊರಡದೆ ಉಳಿದಿರುವುದಕ್ಕೆ ಅವಳು ಕಾರಣವಲ್ಲ. ಅವಳಂತೂ ದಿನಾ ಚೀಲ ತಂದು ಬಾಗಿಲ ಹತ್ತಿರ ಇಡುತ್ತಾಳೆ. ನಾನು ಅದನ್ನು ಒಳಗೆ ತಂದಿಡುತ್ತೇನೆ.

ಅಮ್ಮ ಊರಿನಲ್ಲಿ ಏನು ಹೇಳಿಕೊಂಡಿದ್ದಾಳೆ ಗೊತ್ತೇ? ಯಾರು ಕೇಳಿದರೂ, "ನನ್ನ ಮಗಳು ರಬಾತ್‌ನಲ್ಲಿದಾಳೆ, ಪಾರ್ಲಿಮೆಂಟ್ ಎದುರಿಗೇ" ಅನ್ನುತ್ತಾಳೆ. ಒಂದಕ್ಷರ ಸುಳ್ಳಿಲ್ಲ. ಕೇಳಿದವರು ನನಗೆ ಅಲ್ಲೊಂದು ಮೇಜು, ಕುರ್ಚಿ, ಮೊಹರು ಎಲ್ಲ ಇದೆ ಎಂದುಕೊಂಡಿದ್ದಾರೆ. ಮೊನ್ನೆ ಪಕ್ಕದ ಮನೆಯ ಹೆಂಗಸು ಮೂಲೆಗೆ ಕರೆದು, "ಒಳಗಡೆ ನಿಮಗೆಲ್ಲಾ ಚಹಾ ಪುಕ್ಕಟೆನಾ?" ಎಂದು ಕೇಳಿದಳು. ಹೌದು ಎಂದೆ. ಪಾರ್ಲಿಮೆಂಟಿನ ಗೇಟಿನ ಆ ಮುದುಕ ಕಾವಲುಗಾರ ನಮಗೆ ಕೊಡುತ್ತಿದ್ದ ಚಹಾ ನೆನಪಾಯಿತು.

ನನ್ನ ತಲೆಗೆ ಹುಳ ಹೊಕ್ಕ ಕಥೆ ಶುರುವಾಗುವುದು ಇಲ್ಲಿಂದ. ಅಮ್ಮನ ಕೈ ಕಟ್ಟಿನಲ್ಲಿದ್ದಾಗ ಅವಳ ತಮ್ಮ ಝೈದ್ ಮಾಮನಿಗೆ ಮಧ್ಯಾಹ್ನದ ರೊಟ್ಟಿ ಕೊಟ್ಟು ಬರುವ ಕೆಲಸ ನನ್ನದಾಯಿತು. ಮಾಮನ ಕೆಲಸ ನಿನಗೆ ಒಮ್ಮೆ ಹೇಳಿದ್ದೆ: ಗುಡ್ಡದಿಂದ ಕಲ್ಲು ತಂದು, ಅದರೊಳಗಿನ ಹಳೆಯ ಸಮುದ್ರದ ಪ್ರಾಣಿಯನ್ನು ಬಿಡಿಸಿ ತೆಗೆಯುವುದು. ನಾನು ಓದಿದ್ದು ಆ ಪ್ರಾಣಿಯನ್ನೇ. ಪುಸ್ತಕದಲ್ಲಿ ಅದು ಟ್ರೈಲೊಬೈಟ್. ನಮ್ಮೂರಿನಲ್ಲಿ ಎಲ್ಲರಿಗೂ ಅದು ಬರೀ ಹುಳ. ಐದು ವರ್ಷ ವಿಶ್ವವಿದ್ಯಾಲಯದಲ್ಲಿ ಓದುವಾಗ, ಮಾಮ ಮಾಡುವುದು ವ್ಯಾಪಾರ, ನಾನು ಮಾಡುವುದು ವಿಜ್ಞಾನ ಎಂಬ ಜಂಭ ನನಗಿತ್ತು. ರಜೆಗೆ ಬಂದರೆ ಅವನ ಅಂಗಡಿಯ ಒಳಗೆ ಕಾಲಿಡುತ್ತಿರಲಿಲ್ಲ.

ಒಂದು ದಿನ ಅಮ್ಮ ಬೀರುವಿನ ಮೇಲಿನಿಂದ ನನ್ನ ಪ್ರಬಂಧವನ್ನು ಇಳಿಸಿದಳು. ಸೈಬರ್ ಅಂಗಡಿಯಲ್ಲಿ ಕೂತು ನೀನೇ ಟೈಪ್ ಮಾಡಿಕೊಟ್ಟೆಯಲ್ಲ, ಅದೇ. ಅವಳು ಅದನ್ನು ಮದುವೆಯ ಶಾಲಿನಲ್ಲಿ ಸುತ್ತಿಟ್ಟಿದ್ದಾಳೆ. "ರೊಟ್ಟಿ ಜೊತೆ ಇದನ್ನೂ ತಗೊಂಡ್ಹೋಗು. ಅವನಿಗೆ ಓದೋಕೆ ಬರಲ್ಲ, ಚಿತ್ರನಾದ್ರೂ ನೋಡ್ಲಿ. ನನ್ನ ಮಗಳು ಏನು ಅಂತ ಗೊತ್ತಾಗ್ಲಿ" ಎಂದಳು.

ಮಾಮ ಕೈ ತೊಳೆದುಕೊಂಡು ಬಂದು, ಪುಸ್ತಕವನ್ನು ಮೊದಲು ಕಣ್ಣಿಗೊತ್ತಿಕೊಂಡ. ಆಮೇಲೆ ಒಂದೊಂದೇ ಪುಟ ತಿರುಗಿಸಿದ. ಮೂರನೆಯ ಅಧ್ಯಾಯದ ದೊಡ್ಡ ಫೋಟೋ ಬಂದಾಗ ಕನ್ನಡಕವನ್ನು ಹಣೆಗೇರಿಸಿ, ಎದ್ದು ಬಾಗಿಲ ಬೆಳಕಿಗೆ ಹೋಗಿ, "ಅರೆ! ಇವನು ಇಲ್ಲಿದಾನಾ!" ಎಂದ. ಯಾರು ಮಾಮ ಎಂದೆ. "ನನ್ನ ಹುಳ ಕಣೇ ಇದು. ಆರೇಳು ವರ್ಷ ಆಯ್ತು ಇವನನ್ನ ಕಳಿಸಿ. ತಲೆ ದೇವರದು. ಬಾಲ ನಂದು."

ಬತೂಲ್, ನಾನು ನಕ್ಕೆ. ತಮಾಷೆ ಎಂದುಕೊಂಡೆ. ಅವನು ಫೋಟೋದ ಬುಡದಲ್ಲಿ ಬೆರಳಿಟ್ಟು, "ನೋಡು, ಮೂರು ಗೀರು. ನಾನು ಮಾಡಿದ ಪ್ರತಿಯೊಂದರ ಕೆಳಗೂ ಹಾಕ್ತೀನಿ. ನಮ್ಮಪ್ಪನೂ ಹಾಕ್ತಿದ್ದ" ಎಂದು ಕಪಾಟಿನಿಂದ ನಾಲ್ಕು ಕಲ್ಲು ತೆಗೆದು ಬೋರಲು ಹಾಕಿ ತೋರಿಸಿದ. ನಾಲ್ಕರಲ್ಲೂ ಮೂರು ಗೀರು. ಈಗ ನೀನು ನಿನ್ನ ಹತ್ತಿರವಿರುವ ಪ್ರತಿಯಲ್ಲಿ ಐವತ್ತೆಂಟನೆಯ ಪುಟ ತೆಗೆ. ಆ ಮೂರು ಗೀರುಗಳ ಬಗ್ಗೆ ನಾನು, "ಪ್ರಾಣಿಯು ಮಣ್ಣಿನಲ್ಲಿ ತೆವಳಿದ ಗುರುತಿರಬಹುದು" ಎಂದು ಬರೆದಿದ್ದೇನೆ. ಪರೀಕ್ಷಕರು ಆ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಅಂಥ ತಲೆಗೆ ಇಂಥ ಬಾಲ ಹೇಗೆ ಎಂಬುದೇ ಇಡೀ ಮೂರನೆಯ ಅಧ್ಯಾಯ. ಬಾಲದ ಕೊನೆಯ ಎರಡು ಏಣುಗಳು ಸವೆದಂತಿರುವುದು ಆಳವಿಲ್ಲದ ಸಮುದ್ರದ ಲಕ್ಷಣ ಎಂದು ಹದಿನೆಂಟು ಪುಟ ವಾದ ಮಾಡಿದ್ದೇನೆ. ಆ ಎರಡು ಏಣು ಯಾಕೆ ಮಾಮ ಹಾಗಿವೆ ಎಂದು ಕೇಳಿದೆ. "ಅದಾ? ಸುತ್ತಿಗೆ ಜಾರಿ ಇವನ ಬಾಲ ಪುಡಿಯಾಗೋಯ್ತು. ಬೇರೆ ಹುಳದ್ದು ತಂದು ಕೂರಿಸ್ದೆ. ಸ್ವಲ್ಪ ಉದ್ದ ಆಯ್ತು, ಅರ ಹಾಕಿ ಉಜ್ಜಿದೆ. ಸಂದಿಗೆ ಕಾರಿನ ತಗ್ಗು ತುಂಬ್ತಾರಲ್ಲ, ಆ ಪುಟ್ಟಿ. ಚೆನ್ನಾಗಿ ಕೂತಿದೆ ಅಲ್ವಾ?" ಎಂದು ಕೇಳಿದ. ಮುಖದ ತುಂಬ ಹೆಮ್ಮೆ. ವ್ಯಾಪಾರಿಯೊಬ್ಬ ಒಯ್ದದ್ದು ಎಲ್ಲೆಲ್ಲೋ ಸುತ್ತಿ ನಮ್ಮ ವಿಭಾಗದ ಗಾಜಿನ ಕಪಾಟಿಗೆ ಬಂದಿತ್ತು. ನೂರಾರು ಮೈಲಿ ದೂರ ಹೋಗಿ, ನನ್ನ ಸೋದರಮಾವನ ಅರದ ಗುರುತನ್ನು ಭೂತಕನ್ನಡಿ ಹಿಡಿದು ಅಳೆದು ಪದವಿ ತಂದವಳು ನಾನು.

ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮನೆಯಲ್ಲೇ ಕೂತು ಅತ್ತುಬಿಟ್ಟೆ. ಅಮ್ಮ ಮಾಮನನ್ನು ಮನೆಗೆ ಕರೆಸಿ, "ಏನೋ ಝೈದ್, ಊರೋರಿಗೆಲ್ಲಾ ಟೋಪಿ ಹಾಕಿ ಸಾಲ್ದು ಅಂತ ನನ್ನ ಮಗಳಿಗೂ ಹಾಕಿದ್ಯಾ?" ಎಂದು ತರಾಟೆಗೆ ತೆಗೆದುಕೊಂಡಳು. ಅವನು ತಲೆ ತಗ್ಗಿಸಿ, "ಅಕ್ಕಾ, ನಾನೇನು ಕನಸು ಕಂಡಿದ್ನಾ? ಇವಳು ಒಂದ್ಸಲ ಬಂದು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲೇ ಇಲ್ಲ" ಎಂದ. ಆ ಮಾತು ನನಗೆ ಲಾಠಿಗಿಂತ ಜೋರಾಗಿ ಬಿತ್ತು. ಕೇಳಲೇ ಇಲ್ಲ, ನಿಜ. ನಮ್ಮ ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ. ಈ ಕಲ್ಲುಗಳೆಲ್ಲ ನಮ್ಮೂರಿನಿಂದ ಬರುತ್ತವೆಂದು ಎಲ್ಲರಿಗೂ ಗೊತ್ತಿತ್ತು, ಅವನ್ನು ತೆಗೆದವನನ್ನು ಕೇಳಬಹುದೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ನನಗಂತೂ ಅವನು ಮನೆಯವನೇ ಆಗಿದ್ದ.

ಮೂರನೆಯ ದಿನ ಕೋಪಕ್ಕಿಂತ ಕುತೂಹಲ ದೊಡ್ಡದಾಯಿತು. ಹೋಗಿ ಅವನ ಎದುರು ಕೂತೆ. ಹಾಗಾದರೆ ಆ ತಲೆಯ ನಿಜವಾದ ಬಾಲ ಹೇಗಿರುತ್ತದೆ ಎಂದು ಕೇಳಿದೆ. ಅವನು ಉತ್ತರ ಹೇಳುವ ಬದಲು ನನ್ನ ಕೈಗೆ ಸುತ್ತಿಗೆ ಕೊಟ್ಟು, ಒಂದು ಕಲ್ಲು ಮುಂದಿಟ್ಟು, ಒಡೆ ಎಂದ. ಹುಳ ಮುರಿದರೆ ಎಂದೆ. "ಒಡೀದೆ ಒಳಗೇನಿದೆ ಅಂತ ಹೆಂಗೆ ಗೊತ್ತಾಗತ್ತೆ?"

ಇದು ಅವರ ಕೆಲಸದ ರೀತಿ, ಬತೂಲ್. ಮೊದಲು ಒಡೆಯಬೇಕು. ಒಡೆದ ಮುಖದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತದೋ ನೋಡಬೇಕು. ಕಂಡರೆ ಅದು ಅಡ್ಡ ಸೀಳಿದ ಹುಳ. ಒಂದು ಚೂರೂ ಬಿಡದೆ ಹೆಕ್ಕಿ, ಮತ್ತೆ ಜೋಡಿಸಿ, ಅಂಟು ಹಾಕಿ ಕಲ್ಲನ್ನು ಮೊದಲಿನಂತೆ ಮಾಡಬೇಕು. ಆಮೇಲೆ ಮೇಲಿನಿಂದ, ಗಾಳಿಯ ಒತ್ತಡದಿಂದ ಕುಟ್ಟುವ ಸೂಜಿಯಲ್ಲಿ ಪುಡಿಪುಡಿಯಾಗಿ ಕೆರೆಯುತ್ತಾ ಒಂದು ವಾರವೋ ಎರಡು ವಾರವೋ ಇಳಿಯಬೇಕು. ಅಂಟಿಲ್ಲದೆ ಇಲ್ಲಿ ಯಾವುದೂ ಹೊರಗೆ ಬರುವುದಿಲ್ಲ. ಎಲ್ಲಿಯ ತನಕ ಅಂಟು, ಎಲ್ಲಿಂದ ಸುಳ್ಳು ಎಂಬುದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಮಾಮನಿಗೆ ತಿಳಿದಿದೆ, ಆದರೆ ಹೇಳುವಾಗ ಮೀಸೆಯಲ್ಲೇ ನಗುತ್ತಾನೆ.

ಅವನಿಗೆ ಏನೆಲ್ಲ ಗೊತ್ತು ಅಂತೀಯ! ಗುಡ್ಡದ ಯಾವ ಪದರದಲ್ಲಿ ಯಾವ ಹುಳ, ಯಾವ ಪದರದಲ್ಲಿ ಮರಿಗಳು ಮಾತ್ರ, ಯಾವುದರಲ್ಲಿ ಎಲ್ಲವೂ ಮುದುರಿಕೊಂಡು ಸತ್ತಿವೆ, ಕಣ್ಣು ಮುಚ್ಚಿ ಹೇಳುತ್ತಾನೆ. ಒಂದೊಂದಕ್ಕೂ ಅವನದೇ ಹೆಸರು. ಮುಳ್ಳಪ್ಪ, ಬಾಚಣಿಗೆ, ಮದುಮಗಳು. ಮದುಮಗಳು ಯಾಕೆ ಎಂದರೆ, ಯಾವಾಗಲೂ ತಲೆ ತಗ್ಗಿಸಿಕೊಂಡೇ ಸಿಗುತ್ತಾಳಂತೆ. ಅದಕ್ಕಿಂತ ಹೆಚ್ಚಾಗಿ, ಅವನು ಹುಳದ ಬಗ್ಗೆ ನನ್ನನ್ನು ಕೇಳುತ್ತಾನೆ. ಅವನಿಗೆ ರಕ್ತ ಇತ್ತಾ? ಏನು ತಿಂತಿದ್ದ? ನಿದ್ದೆ ಮಾಡ್ತಿದ್ನಾ? ಒಂದು ಜಾತಿಯ ಹುಳಕ್ಕೆ ಕಣ್ಣುಗಳು ಗೋಪುರದ ಹಾಗೆ ಎದ್ದಿರುತ್ತವೆ, ಮೇಲೆ ಟೋಪಿಯ ಅಂಚಿನಂಥ ಒಂದು ಚಾಚು. ಅದನ್ನು ತೋರಿಸಿ, "ಇಪ್ಪತ್ತು ವರ್ಷದಿಂದ ಯೋಚನೆ ಮಾಡ್ತಿದೀನಿ. ಸಮುದ್ರದೊಳಗೆ ಇವನಿಗೆ ಟೋಪಿ ಯಾಕೆ ಬೇಕಿತ್ತು?" ಎಂದು ಕೇಳಿದ. ನನಗೆ ಉತ್ತರ ಗೊತ್ತಿತ್ತು, ಬತೂಲ್! ಬಿಸಿಲಿಗೆ ಮಾಮ ಎಂದೆ. ನೀರು ತಿಳಿಯಾಗಿತ್ತು, ಇವನು ಹಗಲು ಹೊತ್ತು ಓಡಾಡುವವನು, ಮೇಲಿನಿಂದ ಬೀಳುವ ಬೆಳಕು ಕಣ್ಣು ಕುಕ್ಕಬಾರದು ಎಂದು ನೆರಳು ಎಂದೆ. ಅವನು ಸೂಜಿ ಕೆಳಗಿಟ್ಟ. ಹೊರಗಿನ ಬಿಸಿಲನ್ನು ನೋಡಿದ, ತನ್ನ ತಲೆಯ ಹುಲ್ಲಿನ ಟೋಪಿ ತೆಗೆದು ನೋಡಿದ. "ಹಂಗಾದ್ರೆ ಇವನೂ ನಮ್ಮಂಗೇ ಕೂಲಿಯವನು" ಎಂದ.

ಎರಡು ವರ್ಷ ಆ ಚೌಕದಲ್ಲಿ ಕೂತೆನಲ್ಲ, ನನ್ನ ಹೆಸರು ಕೇಳಿದರು, ಗುರುತಿನ ಚೀಟಿಯ ಸಂಖ್ಯೆ ಕೇಳಿದರು, ಪದವಿಯ ವರ್ಷ ಕೇಳಿದರು. ಓದಿದ್ದರ ಬಗ್ಗೆ ಒಬ್ಬರಾದರೂ ಒಂದು ಪ್ರಶ್ನೆ ಕೇಳಲಿಲ್ಲ. ನೀನು ಕೂಡ ಕೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡ, ನಾನೂ ನಿನ್ನ ಇತಿಹಾಸದ ಬಗ್ಗೆ ಕೇಳಲಿಲ್ಲ. ನಾವು ನಮ್ಮ ಪದವಿಗಳನ್ನು ಎದೆಗೆ ಅಂಟಿಸಿಕೊಂಡು ಕೂತಿದ್ದೆವು, ಒಳಗೇನಿದೆ ಎಂದು ನೋಡಲಿಲ್ಲ. ಮಾಮನಿಗೆ ಉತ್ತರ ಹೇಳಿದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬರುವ ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ.

ಈಗ ಮಾಮನ ಮೇಜಿನ ಎಡಬದಿ ನನ್ನದು. ಕೆಲಸ ಕೊಡುತ್ತೀಯಾ ಎಂದು ನಾನು ಕೇಳಲಿಲ್ಲ, ಕೊಡುತ್ತೇನೆಂದು ಅವನೂ ಹೇಳಲಿಲ್ಲ. ಹೊರಗೆ ಹೋಗುವ ಪ್ರತಿ ಕಲ್ಲಿಗೂ ನಾನು ಚೀಟಿ ಬರೆಯುತ್ತೇನೆ: ಯಾವ ಗುಡ್ಡ, ಯಾವ ಪದರ, ಎಷ್ಟು ಭಾಗ ಅದರದು, ಎಷ್ಟು ನಮ್ಮದು. ಮೊದಲನೆಯ ಚೀಟಿ ಹೀಗಿತ್ತು: "ತಲೆ: ಸುಮಾರು ಮೂವತ್ತೊಂಬತ್ತು ಕೋಟಿ ವರ್ಷ. ಬಾಲ: ಕಳೆದ ಚಳಿಗಾಲ." ಓದಿ ಹೇಳಿದಾಗ ಮಾಮ ಬೆಚ್ಚಿಬಿದ್ದ. "ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲೇ!" ಎಂದ. ಮರುದಿನ ಬಂದ ಜರ್ಮನ್ ಮುದುಕಿಯೊಬ್ಬಳು ಆ ಚೀಟಿ ಓದಿ ಅಷ್ಟೊಂದು ನಕ್ಕು, ಅದೇ ಬೇಕೆಂದು ಹಟ ಹಿಡಿದು ಒಯ್ದಳು. ಅಂದಿನಿಂದ ಮಾಮ, "ಚೀಟಿ ಬರೆದ್ಯಾ?" ಎಂದು ತಾನೇ ಕೇಳುತ್ತಾನೆ. ಎಲ್ಲರೂ ಆ ಮುದುಕಿಯಂತಿರುವುದಿಲ್ಲ ಎಂದು ನನಗೆ ಗೊತ್ತು. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಅಮ್ಮನಿಗೂ ಅದೇ ಭಯ. "ಐದು ವರ್ಷ ಓದ್ಸಿದ್ದು ನನ್ನ ತಮ್ಮನ ಧೂಳು ಕುಡಿಯೋಕಾ? ಮೇಜು ಕುರ್ಚಿ ಕಾಯ್ತಿದೆ, ಹೋಗೇ" ಎನ್ನುತ್ತಾಳೆ. ಅವಳು ಹೇಳುವುದು ತಪ್ಪೆಂದು ನಾನು ಹೇಳಲಾರೆ. ಆ ಮೇಜಿಗಾಗಿ ನಾನೂ ಏಟು ತಿಂದಿದ್ದೇನೆ.

ಹೋದ ಭಾನುವಾರ ಮಾಮ ಅಟ್ಟದ ಮೇಲಿನಿಂದ ಒಂದು ಹಳೆಯ ಹಿಟ್ಟಿನ ಡಬ್ಬಿ ಇಳಿಸಿದ. ಒಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಹುಳ. ನನ್ನ ಪ್ರಬಂಧದ ಅದೇ ತಲೆ, ಇಡಿಯಾಗಿ, ಸ್ವಂತ ಬಾಲದ ಜೊತೆ. ಯಾಕೆ ಮಾರಲಿಲ್ಲ ಎಂದೆ. "ಮೂರು ಜನ ವ್ಯಾಪಾರಿಗಳು ನೋಡಿ, ಇದು ಸುಳ್ಳು, ಬಾಲ ನೀನೇ ಮಾಡಿದ್ದು ಅಂದ್ರು. ನಾನು ಮಾಡಿದ್ದನ್ನ ನಿಜ ಅಂತಾರೆ, ದೇವರು ಮಾಡಿದ್ದನ್ನ ಸುಳ್ಳು ಅಂತಾರೆ. ಏನ್ ಮಾಡ್ಲಿ?" ಆ ಬಾಲ ನಾನು ಹದಿನೆಂಟು ಪುಟದಲ್ಲಿ ಊಹಿಸಿದ ಯಾವುದರಂತೆಯೂ ಇಲ್ಲ. ಅದು ಪುಟ್ಟದು, ನುಣುಪು, ಅಂಚಿನಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿದೆ. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಯಾಕೆ ಹಾಗಿದೆ? ಈಜಲಿಕ್ಕೋ, ಮಣ್ಣು ತೋಡಲಿಕ್ಕೋ? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಇಷ್ಟು ಖುಷಿ ಕೊಡಬಲ್ಲದೆಂದು ನನಗೆ ಮರೆತೇಹೋಗಿತ್ತು.

ನನ್ನ ಪ್ರಾಧ್ಯಾಪಕರಿಗೆ ಎಲ್ಲವನ್ನೂ ಬರೆದು ಮಂಗಳವಾರವೇ ಅಂಚೆಗೆ ಹಾಕಿದೆ. ಮೂರನೆಯ ಅಧ್ಯಾಯ ಸುಳ್ಳು, ಫೋಟೋದಲ್ಲಿರುವುದು ನನ್ನ ಮಾಮನ ಕೈಕೆಲಸ, ಹೊಸದಾಗಿ ಬರೆಯಲು ಅವಕಾಶ ಕೊಡಿ ಎಂದು. ಏನು ಮಾಡುತ್ತಾರೋ. ಪದವಿಯನ್ನೇ ಹಿಂದಕ್ಕೆ ತೆಗೆದುಕೊಂಡರೆ ನಾನು ನಿರುದ್ಯೋಗಿ ಪದವೀಧರೆಯೂ ಆಗಿರುವುದಿಲ್ಲ, ಬರೀ ನಿರುದ್ಯೋಗಿ. ಆಗ ನಿಮ್ಮ ಸಂಘದ ಬಾಗಿಲೂ ನನಗೆ ಮುಚ್ಚಿದ ಹಾಗೆ. ಇದನ್ನು ಬರೆಯುವಾಗ ನಗು ಬರುತ್ತಿದೆ, ಹೆದರಿಕೆಯೂ ಆಗುತ್ತಿದೆ.

ಆ ಹುಳ ಸಿಕ್ಕಿದ ಹೊಂಡ ಗುಡ್ಡದ ಆಚೆ ಬದಿಯಲ್ಲಿದೆ. ಅಲ್ಲಿಗೆ ಪಿಕಪ್ ಗಾಡಿ ಹೋಗುವುದು ಭಾನುವಾರ ಮಾತ್ರ. ಈ ಭಾನುವಾರ ಬಾ, ಪದರ ತೋರಿಸುತ್ತೇನೆ ಎಂದಿದ್ದಾನೆ ಮಾಮ. ಅದೇ ಭಾನುವಾರ ನಾನು ರಬಾತ್‌ನ ಚೌಕದಲ್ಲಿ ನೀಲಿ ಅಂಗಿ ತೊಟ್ಟು ಕೂತು, ನಿನ್ನ ಪುಸ್ತಕದಲ್ಲಿ ಸಹಿ ಹಾಕಬೇಕು. "ಹಾಜರಿ ಅಂದ್ರೆ ಹಾಜರಿ ಕಣೇ, ನಾಳೆ ಇತಿಹಾಸ ಬರೆಯೋರು ಈ ಪುಸ್ತಕಾನೇ ನೋಡ್ತಾರೆ" ಎನ್ನುತ್ತೀಯಲ್ಲ, ಆ ಪುಸ್ತಕ. ಎಲ್ಲರ ಸಾಲನ್ನೂ ನೀನು ಎಲ್ಲರಿಗೂ ತೋರಿಸುತ್ತಿದ್ದೆ, ನಿನ್ನ ಸಾಲಿನ ಮೇಲೆ ಮಾತ್ರ ಅಂಗೈ ಇಟ್ಟುಕೊಳ್ಳುತ್ತಿದ್ದೆ. ನಿನ್ನ ನಂಬರು ಎಷ್ಟು ಎಂದರೆ, ಕಾರ್ಯದರ್ಶಿಗೆ ನಂಬರು ಇರುವುದಿಲ್ಲ ಎಂದು ಹಾರಿಸುತ್ತಿದ್ದೆ.

ನಿನ್ನ ಹತ್ತಿರ ಕೇಳಬೇಕೆಂದು ಕೂತವಳು ಇಷ್ಟುದ್ದ ಹೇಳಿಬಿಟ್ಟೆ. ಹದಿನಾಲ್ಕನೆಯ ಸ್ಥಾನ ಬಿಡುವವಳು ಹುಚ್ಚಿಯೇ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಅಮ್ಮ ಬಾಗಿಲ ಹತ್ತಿರ ಮತ್ತೆ ಚೀಲ ಇಟ್ಟಿದ್ದಾಳೆ. ಬಸ್ಸು ಹೊರಡಲು ಇನ್ನು ಒಂದು ಗಂಟೆಯಿದೆ. ಚಾಲಕನ ಕೈಗೆ ಕಾಗದ ಕೊಡುತ್ತೇನೋ, ಕಾಗದದ ಜೊತೆ ನಾನೂ ಹತ್ತುತ್ತೇನೋ ನೋಡೋಣ.

ಅಪ್ಪನಿಗೆ ನನ್ನ ಸಲಾಂ ಹೇಳು. ಬೆಕ್ಕಿಗೆ ಮೀನಿನ ತಲೆ ಹಾಕು.

ಧೂಳು ಮೆತ್ತಿದ ಕೈಗಳಿಂದ,
ನಿನ್ನ ತೂದಾ

ಮರೆತ ಮಾತು: ನೀನು ಇದನ್ನು ಓದುತ್ತಿದ್ದೀಯೆಂದರೆ ನಾನು ಬಸ್ಸು ಹತ್ತಲಿಲ್ಲ. ಈಗ ಚಿಕ್ಕ ಕಾಗದ ಒಡೆಯಬಹುದು. ಅದರಲ್ಲಿ ಎರಡೇ ಸಾಲಿದೆ: ನನ್ನ ತಾಯಿಯ ಕೈ ವಾಸಿಯಾಗಿದೆ, ನನ್ನ ಗೈರುಹಾಜರಿಗೆ ಕಾರಣವಿಲ್ಲ, ಹೆಸರಿಗೆ ಗೆರೆ ಎಳೆಯಿರಿ. ಎದ್ದು ನಿಂತು, ಗಟ್ಟಿಯಾಗಿ ಓದು. ಊರಿಗೆ ಹೊರಟ ದಿನ ನೀನು ಸ್ನಾನಕ್ಕೆ ಹೋದಾಗ ನಾನು ಪುಸ್ತಕ ತೆರೆದು ನೋಡಿದೆ. ಅಪ್ಪನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡ ಎರಡು ತಿಂಗಳು ನಿನ್ನ ಸಾಲಿನಲ್ಲಿ ಗೈರುಹಾಜರಿ ಎಂದು ನೀನೇ ಬರೆದುಕೊಂಡಿದ್ದೀಯ. ನಾನು ಗ್ರಂಥಾಲಯದಲ್ಲಿ ಕೂತಿದ್ದ ಹನ್ನೊಂದು ದಿನ ನನ್ನ ಸಾಲಿನಲ್ಲಿ ಹಾಜರು ಎಂದಿದೆ, ಅದೂ ನಿನ್ನದೇ ಅಕ್ಷರ. ನಿನ್ನ ನಂಬರು ನಲವತ್ತೊಂದು, ನನ್ನ ಹೆಸರಿಗೆ ಗೆರೆ ಬಿದ್ದ ಮೇಲೆ ನಲವತ್ತು. ತ್ಯಾಗ ಗೀಗ ಎಂದು ಅಳಲು ಕೂರಬೇಡ, ಆ ಬಾಲ ಯಾಕೆ ಹಾಗಿದೆ ಎಂದು ತಿಳಿಯದೆ ನನಗೆ ಅನ್ನ ಇಳಿಯುವುದಿಲ್ಲ, ಅಷ್ಟೇ. ಗೆರೆ ಎಳೆಯುವಾಗ ಸ್ಕೇಲು ಇಟ್ಟು ನೇರವಾಗಿ ಎಳೆ. ಲಕೋಟೆಯ ಜೊತೆ ಬಟ್ಟೆಯಲ್ಲಿ ಸುತ್ತಿ ಕಳಿಸಿರುವ ಕಲ್ಲು ನಿನಗೆ. ತಲೆ ಮೂವತ್ತೊಂಬತ್ತು ಕೋಟಿ ವರ್ಷದ್ದು, ಬಾಲ ಹೋದ ಬುಧವಾರದ್ದು. ಬಾಲ ಮಾಡಿದವಳು ನಾನು. ಮೇಜು ಸಿಕ್ಕಿದ ದಿನ ಕಾಗದ ಹಾರದಂತೆ ಮೇಲೆ ಇಟ್ಟುಕೋ.